ಗಿರಣಿಯ ದೊಡ್ಡ ಮೋಟಾರಿನ ನಿಧನ ಮತ್ತು ಅದರ ಪೀಠಕ್ಕೆ ಉತ್ತರಾಧಿಕಾರಿಯ ನೇಮಕ

ಅಚಿಯಾಕ್ರೊಮ್ ಪೇಟೆ ಗಿರಣಿ ಸಂಘ
ಸುತ್ತೋಲೆ ಸಂಖ್ಯೆ: ಗಿಸಂ/ಮೋಟಾರು/ಶೋಕ/೭
ದಿನ: ಶುಕ್ರವಾರ

ವಿಷಯ: ಒಳ್ಳೆಯ ಮೋಟಾರು ಕೊಳ್ಳಬೇಕೋ ಅಗ್ಗದ್ದು ಸಾಕೋ ಎಂಬ ಬಗ್ಗೆ.
ಉಲ್ಲೇಖ: ಗುರುವಾರದ ಸುಟ್ಟ ವಾಸನೆ.

ನಿನ್ನೆ ಗುರುವಾರ ಬೆಳಗ್ಗೆ, ವರ್ಷದ ಕೃತಜ್ಞತಾ ವಿಧಿಯ ಹೊತ್ತಿನಲ್ಲಿ, ನಮ್ಮ ದೊಡ್ಡ ಮೋಟಾರು ಕಾಲವಾದ ಸಂಗತಿ ತಿಳಿದುಬಂದಿತು. ಗತಿಸಿದ ಹಿರಿಯರ ಹೆಸರಿನಲ್ಲಿ ನೆಲಕ್ಕೆ ಹೊಯ್ಯಬೇಕಾದ ಮದ್ಯವನ್ನು ಅಧ್ಯಕ್ಷರಾದ ಶ್ರೀ ದಂಕ್ವಾ ಅವರು ತಿರುಗುತ್ತಿದ್ದ ಮೋಟಾರಿನ ಗಾಳಿಕಿಂಡಿಗೆ ಹೊಯ್ದರೆಂದು ದಾಖಲಾಗಿದೆ. "ನಾನು ಹೊಯ್ದದ್ದು ಹಿರಿಯರಿಗೇ ಕಣಯ್ಯಾ, ನಡುವೆ ಇವರು ಸಿಕ್ಕಿಬಿಟ್ರು" ಎಂಬ ಅವರ ಸಮಜಾಯಿಷಿಯನ್ನು ಕಡತಕ್ಕೆ ಸೇರಿಸಲಾಗಿದೆ, ಒಪ್ಪಲಾಗಿಲ್ಲ.

ಆದುದರಿಂದ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಸದಸ್ಯರು ಕೆಂಪು ಅಥವಾ ಕಪ್ಪು ಬಟ್ಟೆ ಧರಿಸಿ ದುಃಖಿಸಬಹುದು. ಮೃತರ ಮೈಯಲ್ಲಿನ ತಾಮ್ರಕ್ಕಾಗಿ ಬಂದು ಎಲ್ಲರಿಗಿಂತ ಜೋರಾಗಿ ಅತ್ತ ಗುಜರಿಯವನನ್ನು ಸಮೀಪದ ಬಂಧು ಎಂದು ಪರಿಗಣಿಸಲಾಗುವುದಿಲ್ಲ.

೨. ಊರ ಮುಖಂಡನ ಪೀಠ ತೆರವಾದಾಗ ಉತ್ತರಾಧಿಕಾರಿಯನ್ನು ಹೆಸರಿಸುವ ಹಕ್ಕು ನಮ್ಮಲ್ಲಿ ಹಿರಿಯ ಹೆಂಗಸಿನದು. ಅದರಂತೆ ಮೋಟಾರನ್ನು ಹೆಸರಿಸುವ ಅಧಿಕಾರವನ್ನು ಕೆಂಕೆ, ಅಂದರೆ ಹುಳಿಬಂದ ಜೋಳದ ಹಿಟ್ಟಿನ ಕಡುಬು, ಮಾರುವ ಎನೊ ಬಿರಾಗೊ ಅವರಿಗೆ ವಹಿಸಲಾಗಿದೆ. ಊರಿನ ಮನೆಯೊಂದರಲ್ಲಿ ನಾಳೆ ನಡೆಯುವ ಶವಸಂಸ್ಕಾರದ ಊಟಕ್ಕೆ ಅವರು ನೆನೆಹಾಕಿದ ಮೆಕ್ಕೆಜೋಳ ಇಂದು ಸಂಜೆಯೊಳಗೆ ಹಿಟ್ಟಾಗದಿದ್ದರೆ ಮಿತಿಮೀರಿ ಹುಳಿಯುತ್ತದೆ; ಅವರ ಹೆಸರೂ ಹಾಗೆಯೇ. "ನಿಮ್ಮ ಅಳು ಆಮೇಲೆ ಆಗ್ಲಿ. ಈ ಜೋಳ ಏನು, ನಾನು ಹಲ್ಲಲ್ಲಿ ಅರೀಲಾ?" ಎಂಬ ಅವರ ಮೌಖಿಕ ಅರ್ಜಿ ಸ್ವೀಕೃತವಾಗಿದೆ.

೩. ಅಭ್ಯರ್ಥಿಯ ತಾಯಿಯ ಕಡೆಯ ವಂಶವನ್ನು, ಅಂದರೆ ಹೆತ್ತ ಕಾರ್ಖಾನೆಯನ್ನು, ವಿಚಾರಿಸತಕ್ಕದ್ದು. ಯಂತ್ರದಂಗಡಿಯ ನ್ಯಾಮೆಚಿ ಇಂದು ಅಗ್ಗದ ಮೋಟಾರೊಂದನ್ನು ತಂದು, "ಅಷ್ಟೇ ಕುದುರೆಶಕ್ತಿ, ಬಣ್ಣಾನೂ ಹೊಸದು, ಈಗಲೇ ಕೂರಿಸಿ. ಮದುವೆ ಮಾಡ್ಕೊಡ್ತೀರಾ ಏನು, ವಂಶ ಕೇಳೋಕೆ?" ಎಂದರು. ಎನೊ ಬಿರಾಗೊ ಅವರು ಮೋಟಾರಿನ ಮೈಮೇಲೆ ಹೆಸರು, ಕುದುರೆಶಕ್ತಿ ಬರೆದು ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದಾಗ ಅದರಡಿ ಇನ್ನೊಂದು ಚೀಟಿ ಕಂಡುಬಂದು, ಕುದುರೆಗಳು ಅರ್ಧಕ್ಕರ್ಧ ಕಡಿಮೆಯಾದವು. ಸುರುಳಿಯೂ ತಾಮ್ರದ್ದಲ್ಲ, ಅಲ್ಯೂಮಿನಿಯಮ್ಮಿನದು.

೪. ಅಗ್ಗದ ಮೋಟಾರನ್ನು ಯಾರೂ ಹೀಯಾಳಿಸಕೂಡದು. ಆಗೊಮ್ಮೆ ಈಗೊಮ್ಮೆ ತಿರುಗುವ ಶೇಂಗಾ ಸುಲಿಯುವ ಯಂತ್ರಕ್ಕೆ ಅದು ತಕ್ಕ ವರ. ಆದರೆ ಮುಂಜಾನೆಯಿಂದ ಮುಸ್ಸಂಜೆಯವರೆಗೆ, ಏರಿಳಿಯುವ ಕರೆಂಟಿನಲ್ಲಿ, ಊರಿನ ಹಿಟ್ಟನ್ನೆಲ್ಲ ಹೊರುವವನಿಗೆ ತಾಮ್ರದ ಸುರುಳಿ, ಗಟ್ಟಿ ಬೇರಿಂಗು, ಕಡಿಮೆ ಕರೆಂಟು ಕುಡಿಯುವ ಸಂಯಮ ಇರಬೇಕು.

೫. ಎನೊ ಬಿರಾಗೊ ಅವರ ತೀರ್ಪು: "ನನ್ನ ಜೋಳ ಕಾಯೋಲ್ಲ ನಿಜ. ಹಾಗಂತ ಇವತ್ತಿನ ಅವಸರಕ್ಕೆ ಇವನನ್ನ ಕೂರಿಸಿದ್ರೆ ಬರೋ ತಿಂಗಳು ಮತ್ತೆ ಕಪ್ಪು ಬಟ್ಟೆ ಒಗೀಬೇಕು. ಒಳ್ಳೇದೇ ತನ್ನಿ." ಒಳ್ಳೆಯ ಮೋಟಾರು ಸೋಮವಾರ ಕುಮಾಸಿ ನಗರದ ಬಸ್ಸಿನಲ್ಲಿ ಬರುತ್ತದೆ. ಅದಕ್ಕೆ ಮುಂಭಾಗದ ಸೀಟು ಕಾದಿರಿಸಲಾಗಿದೆ.

೬. ಇಂದಿನ ಜೋಳವನ್ನು ಹೊಳೆಯಾಚೆಯ ಗಿರಣಿಗೆ ಒಯ್ಯತಕ್ಕದ್ದು. ಸಭೆಯಲ್ಲಿ ಅಗ್ಗದ ಮೋಟಾರೇ ಸಾಕೆಂದು ಕೈಯೆತ್ತಿದ ಸದಸ್ಯರೆಲ್ಲರೂ ತಲೆಗೊಂದು ಬೋಗುಣಿ ಹೊರತಕ್ಕದ್ದು. ಅಧ್ಯಕ್ಷರಿಗೆ ಎರಡು ಸರದಿ. ಎನೊ ಬಿರಾಗೊ ಅವರು ಹಿಂದಿನಿಂದ "ನೆಟ್ಟಗೆ ನಡಿಯೋ ದಂಕ್ವಾ, ಅದು ಊಟ, ನಿನ್ನ ಟೋಪಿ ಅಲ್ಲ" ಎಂದು ಕೂಗುವುದನ್ನು ಆಡಳಿತಾತ್ಮಕ ಮಾರ್ಗದರ್ಶನ ಎಂದು ಭಾವಿಸುವುದು.

೭. ಹೊಸ ಮೋಟಾರಿನ ಕಿವಿಗೆ ಬೀಳುವಂತೆ "ಹಳೇದರ ಗತ್ತೇ ಬೇರೆ" ಎನ್ನುವುದನ್ನು ನಿಷೇಧಿಸಲಾಗಿದೆ. ಅನ್ನಲೇಬೇಕೆನಿಸಿದವರು ಹೊರಗೆ ಬೇವಿನ ಮರದ ಕೆಳಗೆ ಬರಬಹುದು; ಕಾರ್ಯದರ್ಶಿ ಅಲ್ಲಿಯೇ ಇರುತ್ತಾರೆ.

ವಿಶೇಷ ಸೂಚನೆ: ಈ ಸುತ್ತೋಲೆ ಸಹಿಗೆ ಹೋಗುವಷ್ಟರಲ್ಲಿ ಕೊನೆಯ ಬೋಗುಣಿ ಹಿಟ್ಟಾಗಿ ಮರಳಿದೆ. ಹುಳಿ ಹದವಾಗಿದೆಯೆಂದು ಪ್ರಮಾಣೀಕರಿಸಲಾಗಿದೆ.

(ಸಹಿ)
ಒಪಾನಿನ್ ಅಂಪೊನ್ಸೆಮ್
ಕಾರ್ಯದರ್ಶಿ ಹಾಗೂ ಕ್ರೈಸ್ತ ಸಭೆಯ ಹಿರಿಯ

ಪ್ರತಿಗಳು:
– ಎನೊ ಬಿರಾಗೊ, ಆಜ್ಞಾನುಸಾರ.
– ಶ್ರೀ ದಂಕ್ವಾ, ಕುತ್ತಿಗೆ ನೋವು ವಾಸಿಯಾದ ಬಳಿಕ ಓದಲು.
– ನ್ಯಾಮೆಚಿ, ಎರಡೂ ಚೀಟಿಗಳ ಸಮೇತ.
– ಪರಲೋಕದ ತಂದೆಗೆ, ದಯೆಯ ಕ್ರಮಕ್ಕಾಗಿ: ಕರ್ತನೇ, ಹಸಿದವರಿಗಾಗಿ ಬಿಡುವಿಲ್ಲದೆ ತಿರುಗಿದ ಈ ಸೇವಕನಿಗೆ ಇನ್ನು ನಿಂತಿರುವ ಸುಖವನ್ನು ಅನುಗ್ರಹಿಸು. ಆಮೆನ್.