ಮಣ್ಣಿನ ಹಕೀಮ

ಯಲಬುರ್ಗಾದ ಕರಿಬಸಪ್ಪ ತನ್ನ ನಲವತ್ತನೆಯ ವಯಸ್ಸಿನ ಬೇಸಿಗೆಯಲ್ಲಿ ಭೂಮಿತಾಯಿಗೇ ಔಷಧ ಕೊಡಲು ಹೊರಟ! ಅಪ್ಪ ನೆಟ್ಟ ನಿಂಬೆಗಿಡಗಳು ಮುಪ್ಪಾಗಿ ಒಣಗಿದ್ದವು, ಬೇರುಸಹಿತ ಕೀಳಿಸಿದ್ದಾಯಿತು. ನಿಂಬೆ ಕಿತ್ತ ಮಣ್ಣಿನಲ್ಲಿ ಮತ್ತೆ ನಿಂಬೆ ಹತ್ತುವುದಿಲ್ಲ ಎಂದಿತು ಊರು.

“ಮಣ್ಣಿಗಿ ರೋಗ ಬಂದೈತಿ, ಅಷ್ಟ. ಅದಕ್ಕ ಹಕೀಮ ನಾ ಅದೀನಿ!” ಎಂದು ಹೆಂಡತಿ ಬಸವಣ್ಣೆಮ್ಮನ ಮುಂದೆ ಮೀಸೆ ತಿರುವಿದ.

“ಮಣ್ಣಿಗಿ ಏನರ ಮಾಡ್ರಿ. ಮಳಿ ಬೀಳೂತನ ನನ್ನ ಸಸಿ ಮುಟ್ಟಬ್ಯಾಡ್ರಿ.”

ತವರಿನ ನಿಂಬೆಹಣ್ಣಿನ ಬೀಜ ಊರಿ, ಬಚ್ಚಲ ಪಕ್ಕ ಒಡಕು ಗಡಿಗೆಗಳಲ್ಲಿ ಎರಡು ವರ್ಷ ಸಾಕಿದ ಹನ್ನೆರಡು ಸಸಿ. ಅವಳ ಜೀವವೆಲ್ಲ ಅವುಗಳ ಮೇಲೇ.

ಚಿಕಿತ್ಸೆ ಶುರುವಾಯಿತು. ಗುಂಡಿ ತೋಡಿಸಿ ಎರಡು ತಿಂಗಳು ಮಣ್ಣಿಗೆ ಬಿಸಿಲು ಕುಡಿಸಿದ. ಬೇವಿನ ಹಿಂಡಿ ತಿನ್ನಿಸಿದ. ಕೊನೆಯ ಔಷಧವಾಗಿ ಕುರಿ ಕಾಯುವ ಬಾಲಪ್ಪನನ್ನು ಕರೆಸಿ ಗೊಬ್ಬರಕ್ಕೆಂದು ರಾತ್ರಿ ತೋಟದಲ್ಲಿ ಕುರಿ ತರುಬಿಸಿದ. ಹಗಲೆಲ್ಲ ಮೇಯ್ದು ಬಂದ ಇನ್ನೂರು ಕುರಿ, ಆಡು ಮುಳ್ಳುಬೇಲಿಯ ಹಟ್ಟಿಯೊಳಗೆ ಮಲಗಿ, ಹಿಕ್ಕೆ ಹಾಕಿ ನೆಲವನ್ನು ಕಪ್ಪಗೆ ಮಾಡಿದವು.

ಮೂರನೆಯ ದಿನ ಮಣ್ಣು ಮೂಸಿ ನೋಡಿ ಕರಿಬಸಪ್ಪ ಹಿಗ್ಗಿ ಹೀರೇಕಾಯಿಯಾದ. ಅಷ್ಟಕ್ಕೇ ಬಿಡಬಾರದೆ? ಹೆಣ್ಣು ಕೊಡುವ ಮುಂಚೆ ಮನೆ ನೋಡುವುದಿಲ್ಲವೇ, ಸಸಿಗೂ ಹೊಸ ಮನೆ ತೋರಿಸಬೇಕು ಎಂದುಕೊಂಡ! ಬಸವಣ್ಣೆಮ್ಮ ದೇವಿಯ ದರ್ಶನಕ್ಕೆ ಹುಲಿಗಿಗೆ ಹೋದ ಹೊತ್ತು ನೋಡಿ ಗಡಿಗೆಗಳನ್ನು ಬಂಡಿಗೇರಿಸಿದ. ಬಿಡಾಡಿ ದನ ಬಾಯಿ ಹಾಕಬಾರದಲ್ಲ? ತೋಟದಲ್ಲಿ ಭದ್ರವಾದ ಜಾಗ ಒಂದೇ, ಕುರಿಹಟ್ಟಿ. ಸುತ್ತ ಮುಳ್ಳು, ಎರಡು ನಾಯಿ, ಮೇಲೆ ಬಾಲಪ್ಪನ ಕಾವಲು! ಹಿಂಡು ಮೇಯಲು ಹೋಗಿತ್ತು. ಖಾಲಿ ಹಟ್ಟಿಯೊಳಗೆ ಗಡಿಗೆಗಳನ್ನು ಸಾಲಾಗಿ ಇಟ್ಟು, ತನ್ನ ಜಾಣತನಕ್ಕೆ ತಾನೇ ತಲೆದೂಗಿ ಮನೆಗೆ ಬಂದ.

ಮರುದಿನ ಬೆಳಿಗ್ಗೆ ಹುಲಿಗಿಯಿಂದ ಬಂದ ಬಸವಣ್ಣೆಮ್ಮ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಬಾಲಪ್ಪ ಬಂದು ಕೈಮುಗಿದ.

“ಧಣೇರ, ನಿಮ್ಮಂಥಾ ಧಣಿ ಎಲ್ಲೂ ಸಿಗೂದಿಲ್ರಿ! ಆಡಿಗಿ ಎಳಿ ನಿಂಬಿ ಮೇವು ತಂದಿಟ್ಟೀರಿ. ಅದೂ ಗಡಗ್ಯಾಗ!”

ಕರಿಬಸಪ್ಪ ಗಡಬಡಿಸಿ ಎದ್ದ. “ಒಂದೂ ಉಳಿದಿಲ್ಲೇನೋ?”

“ಏನೂ ಬಿಟ್ಟಿಲ್ರಿ. ಗಡಗೀನೂ ನೆಕ್ಯಾವ!”

ಬಸವಣ್ಣೆಮ್ಮ ಬಚ್ಚಲ ಕಡೆ ಓಡಿದಳು. ಗಡಿಗೆಗಳಿದ್ದ ಕಡೆ ಹನ್ನೆರಡು ದುಂಡು ಗುರುತು. ಅವಳ ಕಣ್ಣು ತುಂಬಿ ಬಂತು, ಬೈಯಲಿಲ್ಲ. ಬೈದಿದ್ದರೇ ಎಷ್ಟೋ ವಾಸಿಯಿತ್ತು ಅನ್ನಿಸಿತು ಕರಿಬಸಪ್ಪನಿಗೆ.

“ಆದ್ರೂ ಮಣ್ಣು ಭಾಳ ಛಲೋ ಆಗೈತಿ...” ಎಂದ ಮೆಲ್ಲಗೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆಗಲಾರದ ಏನ್ರಿ, ಹಕೀಮರ? ರೋಗಿ ಎದ್ದು ಕುಂತ. ಆರಾಮಿದ್ದ ಹನ್ನೆರಡು ಮಂದಿ ಸತ್ರು!”