ಮೂರು ಮನೆತನದ ಏಕೈಕ ವಾರಸುದಾರ

ನನ್ನ ಅತ್ತೆ ಝೆನೋಬಿಯಾ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಡೆನ್ಜಿಲ್ ಎಂಬ ನನ್ನ ಹೆಸರು ನಾಲಿಗೆಗೆ ಅಷ್ಟೇನೂ ಕಷ್ಟದ್ದಲ್ಲ. ಆದರೂ ಎಲ್ಲವೂ ಮಗಳ, ಅಂದರೆ ನನ್ನ ಹೆಂಡತಿಯ, ಮೂಲಕವೇ. "ಟ್ಯಾಮ್ಸಿನ್, ಬಸ್ಸಿನವನಿಗೆ ಇನ್ನೊಂದು ತುಂಡು ಪಾಸ್ಟಿ ಕಡುಬು ಬೇಕಾ ಕೇಳು." (ನಾನು ಕ್ಯಾಂಬೋರ್ನ್ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ನಾನು ಇಳಿದು ಮೂರು ವರ್ಷವಾದರೂ ಅತ್ತೆಯ ಬಾಯಲ್ಲಿ ಆ ಬಸ್ಸು ಇನ್ನೂ ಓಡುತ್ತಲೇ ಇದೆ.)

ಸಾಯುವುದರೊಳಗೆ ಈಕೆಯ ಬಾಯಿಂದ ಒಂದು ಮರ್ಯಾದೆಯ ಮಾತು ಕೇಳಲೇಬೇಕೆಂದು ನಾನು ಹಟ ತೊಟ್ಟೆ. ಅದಕ್ಕೆ ಅಸ್ತ್ರವೂ ಸಿಕ್ಕಿತು. ನನ್ನ ಮುತ್ತಜ್ಜಿ ಬೋಸ್ಕರ್ನ್ ಬಂಗಲೆಯ ಹುಡುಗಿ, ಕಮ್ಮಾರನನ್ನು ಮೆಚ್ಚಿ ಓಡಿಬಂದವಳು ಎಂದು ನಮ್ಮ ಮನೆಯಲ್ಲಿ ಪಿಸುಮಾತಿತ್ತು. ನಮ್ಮೂರಿನ ತವರದ ಗಣಿ ಬೋಸ್ಕರ್ನ್, ಪೆನ್‌ಹಾಲೊ, ಟ್ರೆವಾರ್ಕ್ ಎಂಬ ಮೂರು ಧಣಿ ಮನೆತನಗಳದ್ದು. ಈಗ ಗಣಿಯೂ ಇಲ್ಲ, ಧಣಿಗಳೂ ಇಲ್ಲ.

ಎರಡು ಚಳಿಗಾಲ ಟ್ರೂರೋ ಪಟ್ಟಣದ ದಾಖಲೆ ಕಚೇರಿಗೆ ಅಲೆದೆ, ಹಳೆಯ ಮದುವೆ ದಾಖಲೆಗಳ ದೂಳು ಕುಡಿದೆ. ಸಂಶೋಧನೆಯನ್ನು ಬರೆಯಲು ಕಾಗದ ಸಾಲದೆ ಗೋಡೆಗೆ ಅಂಟಿಸುವ ಕಾಗದದ ಸುರುಳಿಯ ಹಿಂಬದಿಯನ್ನೇ ಬಳಸಿದೆ. ಗಣಿಯ ಪಾಲು ಹೊರಗೆ ಹೋಗಬಾರದೆಂದು ಈ ಮಹನೀಯರು ಹೆಣ್ಣನ್ನೂ ಹೊರಗೆ ಕೊಟ್ಟವರಲ್ಲ. ಹೀಗಾಗಿ ನನ್ನ ವಂಶವೃಕ್ಷ ಮೇಲೆ ಹೋದಂತೆ ಹರಡುವ ಬದಲು ಬೆಕ್ಕು ಆಡಿದ ಉಣ್ಣೆಯುಂಡೆಯಂತೆ ಸಿಕ್ಕುಗಟ್ಟಿತು. ಟ್ಯಾಮ್ಸಿನ್ ಕನ್ನಡಕ ಏರಿಸಿಕೊಂಡು ನೋಡಿದಳು.

"ಏನ್ರೀ ಇದು, ಈ ಹೆಂಗಸು ಇವಳಿಗೆ ಅತ್ತೆ. ಈ ಕಡೆಯಿಂದ ನೋಡಿದ್ರೆ ನಾದಿನಿ."

"ದೊಡ್ಡ ಮನೆತನ ಕಣೆ. ಒಬ್ಬೊಬ್ಬರಿಗೆ ಎರಡೆರಡು ಹುದ್ದೆ."

"ಎಲ್ರಿಗೂ ಎಂಟು ಜನ ಮುತ್ತಜ್ಜ ಮುತ್ತಜ್ಜಿಯರು ಇರ್ತಾರೆ. ನಿಮ್ಮ ಮುತ್ತಜ್ಜಿಯ ಅಪ್ಪನಿಗೆ ನಾಲ್ಕೇ ಜನ. ಅದಕ್ಕೇ ಇರಬೇಕು, ನಿಮ್ಮ ತಲೆ ಒಂದೊಂದು ಸಲ ಅರ್ಧ ದಾರೀಲಿ ನಿಂತುಬಿಡುತ್ತೆ."

ಅಸೂಯೆ ಎಂದುಕೊಂಡು ಸುರುಳಿ ಸುತ್ತಿಟ್ಟೆ.

ನಮ್ಮೂರ ಪ್ರಾರ್ಥನಾಮಂದಿರವಾದ ಚಾಪೆಲ್‌ನ ಮಕ್ಕಳಿಗೆ ಬೇಸಿಗೆಯಲ್ಲಿ ನಡೆಯುವ ಚಹಾಕೂಟದ ಸಮಿತಿ ಸಭೆ ಈ ವರ್ಷ ನಮ್ಮ ಮನೆಯಲ್ಲೇ ಸೇರಿತ್ತು. ನಮ್ಮ ಜೊತೆಗೇ ಇರುವ ಅತ್ತೆಯೇ ಕಾರ್ಯದರ್ಶಿ. ಎಂಟು ಜನ ಕೇಸರಿ ಬನ್ನು ಅಗಿಯುತ್ತಿದ್ದಾಗ ಸಮಯ ಸಾಧಿಸಿ ಸುರುಳಿಯನ್ನು ಮೇಜಿನ ತುಂಬ ಬಿಡಿಸಿದೆ. ಮೊಹರು ಬಿದ್ದ ನಕಲುಗಳನ್ನು ಒಂದೊಂದಾಗಿ ತೋರಿಸಿ, ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: ಮುತ್ತಜ್ಜಿಗೆ ಬೋಸ್ಕರ್ನ್ ರಕ್ತ ತಂದೆಯ ಕಡೆಯಿಂದ, ಪೆನ್‌ಹಾಲೊ ರಕ್ತ ಎರಡು ಕಡೆಯಿಂದ, ಟ್ರೆವಾರ್ಕ್ ರಕ್ತವಂತೂ ಎಲ್ಲ ಕಡೆಯಿಂದ. ಮೂರೂ ಮನೆತನಕ್ಕೆ ಈ ಭೂಮಂಡಲದಲ್ಲಿ ಉಳಿದಿರುವ ಏಕೈಕ ವಾರಸುದಾರ ನಾನು.

ಅತ್ತೆ ಬನ್ನು ಕೆಳಗಿಟ್ಟರು. ತುಂಬ ಹೊತ್ತು ಕಾಗದ ನೋಡಿದರು.

"ಟ್ಯಾಮ್ಸಿನ್, ಇದು ಖಂಡಿತಾನಾ ಅಂತ ಕೇಳು."

"ಖಂಡಿತ," ಎಂದೆ ಎದೆಯುಬ್ಬಿಸಿ. "ಯಾವ ಕೋರ್ಟಿಗೆ ಬೇಕಾದ್ರೂ ಹೋಗಲಿ."

ಅವರು ಎದ್ದು ತಮ್ಮ ಕೋಣೆಗೆ ಹೋಗಿ ಚಾಪೆಲ್‌ನ ಹಳೆಯ ನಡಾವಳಿ ಪುಸ್ತಕ ತಂದರು. ಗಣಿಯ ಪಂಪು ನೆಲದಡಿಯ ನೀರನ್ನೆಲ್ಲ ಹೀರಿ ಚಾಪೆಲ್ ಬಾವಿ ಬತ್ತಿದಾಗ ಊರವರು ಧಣಿಗಳ ಬಾಗಿಲಿಗೆ ಹೋಗಿದ್ದರಂತೆ. ಆಗ ಬರೆದುಕೊಟ್ಟ ಮಾತನ್ನು ಅತ್ತೆ ಗಟ್ಟಿಯಾಗಿ ಓದಿದರು. "ನಾವು ಮೂರು ಮನೆತನದವರು, ನಮ್ಮ ನಂತರ ನಮ್ಮ ವಾರಸುದಾರರು, ಬಾವಿ ಮರಳಿ ತುಂಬುವ ತನಕ, ಪ್ರತಿ ವರ್ಷ ಚಹಾಕೂಟದ ದಿನ ಕೆಳಗಿನ ಊಟೆಯಿಂದ ಮನೆತನಕ್ಕೊಂದು ಪೀಪಾಯಿ ನೀರನ್ನು ಸ್ವತಃ ಹೊತ್ತು ತಂದು ಕೊಡತಕ್ಕದ್ದು." ಕೆಳಗೆ ಮೂರು ಸಹಿ.

"ನಮ್ಮಜ್ಜಿ ಸಾಯೋ ತನಕ ದಾರಿ ಕಾದಳು," ಎಂದರು ಅತ್ತೆ. ಅವರು ಸಮಿತಿಯ ಕಡೆ ತಿರುಗಿದರು. "ಒಂದು ವರ್ಷ ತಂದ್ರು. ಆಮೇಲೆ ಒಬ್ಬನೂ ಬರಲಿಲ್ಲ."

"ಈಗ ಚಾಪೆಲ್‌ನಲ್ಲಿ ನಲ್ಲಿ ಇದೆಯಲ್ಲ," ಎಂದೆ.

"ಬಾವಿ ತುಂಬಿದೆಯಾ ಅಂತ ಕೇಳು, ಟ್ಯಾಮ್ಸಿನ್."

ಗಣಿ ಮುಚ್ಚಿದ ಮೇಲೂ ಬಾವಿ ತುಂಬಿರಲಿಲ್ಲ. ನಾನು ನಿಧಾನವಾಗಿ ಸುರುಳಿ ಸುತ್ತತೊಡಗಿದೆ. ಆ ಟ್ರೆವಾರ್ಕ್ ಮದುವೆಯೊಂದು ಸ್ವಲ್ಪ ಅನುಮಾನಾಸ್ಪದ, ಇನ್ನಷ್ಟು ಸಂಶೋಧನೆ ಆಗಬೇಕು ಎಂದೆ.

"ಮೊಹರು ತೋರಿಸಿದ್ರಲ್ಲ," ಎಂದಳು ನನ್ನ ಧರ್ಮಪತ್ನಿ. "ಒಂದೇ ಮನೆತನ ಆಗಿದ್ರೆ ಒಂದೇ ಪೀಪಾಯಿ. ನೀವು ಮೂರನ್ನೂ ಒಬ್ರೇ ಇಟ್ಕೊಂಡಿದ್ದೀರಿ." ಮೂರೂ ಪೀಪಾಯಿ ನೀರು ನಾನೇ ಹೊರಬೇಕೆಂಬ ನಿರ್ಣಯವನ್ನು ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು.

ಊಟೆ ಇರುವುದು ಗುಡ್ಡದ ಕೆಳಗೆ, ಚಾಪೆಲ್ ಇರುವುದು ಮೇಲೆ, ನಡುವೆ ಕಾಲುದಾರಿ. ಚಹಾಕೂಟದ ದಿನ ಬೆಳಗಿನಿಂದ ಎರಡು ಬಕೆಟ್ ಹಿಡಿದು ಹತ್ತಿ ಇಳಿದೆ. ಚಹಾಕೂಟಕ್ಕೆ ಬಂದಿದ್ದ ಬ್ಯಾಂಡಿನವರು ನಾನು ಕಾಣಿಸಿದಾಗಲೆಲ್ಲ ಡೋಲು ಬಾರಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮೂರೂ ಮನೆತನದ ಸೊಂಟ ಒಟ್ಟಿಗೆ ಹಿಡಿದುಕೊಂಡಿತ್ತು.

ಅತ್ತೆ ಪೀಪಾಯಿಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಬಕೆಟ್ ಸುರಿದು ಏದುಸಿರು ಬಿಡುತ್ತಿದ್ದಾಗ ಎದ್ದು ನಿಂತರು. ಮಗಳನ್ನು ಕರೆಯಲಿಲ್ಲ. ಇಡೀ ಊರಿನೆದುರು ನನ್ನ ಮುಖವನ್ನೇ ನೋಡಿ, ಕೈಗೆ ಒಂದು ಲೋಟ ಚಹಾ ಕೊಟ್ಟರು.

"ಕುಡೀರಿ, ಧಣಿಗಳೇ," ಎಂದರು. "ಆಮೇಲೆ ಪೆನ್‌ಹಾಲೊ ಪೀಪಾಯಿ ಇನ್ನೂ ಅರ್ಧ ಖಾಲಿ ಇದೆ ನೋಡಿ."

ನಾನು ಚಹಾ ಕುಡಿದು, ಬಕೆಟ್ ಎತ್ತಿಕೊಂಡು ಮತ್ತೆ ಗುಡ್ಡ ಇಳಿದೆ. ನಿಜ ಹೇಳುತ್ತೇನೆ, ಆ ಮಾತು ಕಿವಿಗೆ ಬಹಳ ಹಿತವಾಗಿತ್ತು.