ಮೇಷ್ಟ್ರ ಕೊನೆಯ ಬಿಲ್ಲಿಗೆ ನನ್ನ ತಿದ್ದುಪಡಿ

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನ ಕೈಗೆ ಏನು ಕೊಟ್ಟರೂ ಅವನು ತಿದ್ದುತ್ತಾನೆ. ಇದು ನನ್ನ ದೋಷವಲ್ಲ, ಕಸುಬಿನ ದೋಷ ಎಂದು ಎಷ್ಟು ಹೇಳಿದರೂ ನನ್ನಾಕೆ ಒಪ್ಪುವುದಿಲ್ಲ. ಔಷಧದ ಚೀಟಿ, ಮದುವೆಯ ಕರೆಯೋಲೆ, ಬಸ್ಸಿನ ಟಿಕೆಟ್ಟು, ಯಾವುದೂ ನನ್ನ ಕೆಂಪು ಪೆನ್ನಿನಿಂದ ಪಾರಾಗಿಲ್ಲ. ಮೇಷ್ಟ್ರು ತೀರಿಕೊಂಡ ದಿನ ಪತ್ರಿಕೆಗೆ ಕೊಡಬೇಕಾದ ನಾಲ್ಕು ಸಾಲನ್ನೂ ಮೂರು ಸಲ ತಿದ್ದಿದೆ. ನಾಲ್ಕನೆಯ ಸಲ ತಿದ್ದಲು ಹೋದಾಗ ಅಕ್ಷರ ಕಾಣಿಸಲಿಲ್ಲ.

ಮೇಷ್ಟ್ರು ಎಂದರೆ ನನ್ನ ಗೆಳೆಯರು, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಕಾಲದ ರೀತಿಯ ಬಿಲ್ಲು ಬಾಣ ಮಾಡುತ್ತಿದ್ದರು. ಬಾಣಕ್ಕೆ ಗರಿ ಅಂಟಿಸುವುದು, ಹೆದೆಗೆ ನೂಲು ಹೊಸೆಯುವುದು, ಹಳೆಯ ಚರ್ಮದ ಚೀಲ ಕತ್ತರಿಸಿ ಬತ್ತಳಿಕೆ ಹೊಲಿಯುವುದು, ಎಲ್ಲ ಕೈಯಲ್ಲೇ. ಭಾನುವಾರ ಬಿಲ್ಲು ಹವ್ಯಾಸಿಗಳ ಸಂಘದವರು ಅವನ್ನು ಹಿಡಿದು ಶಾಲೆಯ ಮೈದಾನಕ್ಕೆ ಹೋಗುತ್ತಿದ್ದರು. ನನ್ನ ಪಾಲಿನ ಕೆಲಸ ಶೆಡ್ಡಿನ ಮೂಲೆಯಲ್ಲಿ ಕೂತು ಸಲಹೆ ಕೊಡುವುದು. ಹತ್ತೊಂಬತ್ತು ವರ್ಷ ಕೊಟ್ಟೆ. ಅವರು ಒಂದನ್ನೂ ತೆಗೆದುಕೊಳ್ಳಲಿಲ್ಲ. (ಬಿಲ್ಲುಗಳೆಲ್ಲ ಚೆನ್ನಾಗಿ ಬಂದವು. ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ.)

ಅವರು ಹೋಗಿ ಎರಡು ತಿಂಗಳಾಗುವ ಭಾನುವಾರ ಸಂಘದವರು ಮೈದಾನದಲ್ಲಿ ಸೇರಿ, ಮೇಷ್ಟ್ರು ಮಾಡಿದ ಕೊನೆಯ ಬಿಲ್ಲಿನಿಂದ ಮೊದಲ ಬಾಣ ಬಿಡುವುದೆಂದು ಗೊತ್ತುಮಾಡಿದರು. ಬಿಡುವವನು ನಾನು. ಆ ಬಿಲ್ಲನ್ನು ಅಕ್ಕ, ಅಂದರೆ ಮೇಷ್ಟ್ರ ಹೆಂಡತಿ, ಹಳೆಯ ಹೊದಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಸಣ್ಣ ಕೆಲಸವೊಂದು ಬಾಕಿ ಇದೆ ಎಂದು ಏನೋ ವಿವರಿಸಿದರು. ಹಿಡಿಕೆಯ ಮೇಲೆ ಮೇಷ್ಟ್ರ ಪೆನ್ಸಿಲ್ ಗುರುತು ಹಾಗೇ ಇತ್ತು. ಅದನ್ನು ನೋಡುತ್ತಾ ನಿಂತವನಿಗೆ ಬಾಕಿ ಇದೆ ಎಂಬ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಗೆಳೆಯ ಅರ್ಧಕ್ಕೆ ಬಿಟ್ಟದ್ದನ್ನು ನಾನು ಪೂರ್ತಿ ಮಾಡುತ್ತೇನೆ ಎಂದು ಅಲ್ಲೇ ಸಂಕಲ್ಪ ಮಾಡಿದೆ.

ಮನೆಗೆ ಬಂದವನೇ ಮಲಗುವ ಕೋಣೆಯ ಬಾಗಿಲಿನ ಮೇಲೆ ಕೊಕ್ಕೆ ಹೊಡೆದು ಬಿಲ್ಲನ್ನು ಹಿಡಿಕೆಯಿಂದ ಅಡ್ಡಲಾಗಿ ನೇತುಹಾಕಿದೆ. ಹೆದೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದಕ್ಕೆ ಹಗ್ಗ ಕಟ್ಟಿ ಕೆಳಗೆ ಎಳೆದೆ. ಮೇಷ್ಟ್ರು ಹೀಗೇ ಮಾಡುತ್ತಿದ್ದರು. ಎಳೆದಾಗ ಬಿಲ್ಲಿನ ಎರಡು ತೋಳೂ, ಅಂದರೆ ಕೈಯಲ್ಲಿ ಹಿಡಿದಾಗ ಹಿಡಿಕೆಯ ಮೇಲೆ ಕೆಳಗೆ ಬರುವ ಭಾಗಗಳು, ಹೇಗೆ ಬಾಗುತ್ತವೆ, ಎಳೆಯಲು ಎಷ್ಟು ಕಿಲೋ ಬಲ ಬೇಕು ಎಂಬುದು ಗೊತ್ತಾಗುತ್ತದೆ. ಇಪ್ಪತ್ತು ಕಿಲೋ ತೋರಿಸಿತು. ನನ್ನ ಕಣ್ಣಿಗೆ ತಕ್ಷಣ ತಪ್ಪು ಬಿತ್ತು: ಕೆಳಗಿನ ತೋಳು ಮೇಲಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಾಗುತ್ತಿತ್ತು.

ಮರ ಹೆರೆಯುವ ಉಕ್ಕಿನ ಪಟ್ಟಿ ತೆಗೆದುಕೊಂಡು ಕೆಳಗಿನ ತೋಳನ್ನು ಹೆರೆದೆ. ಈಗ ಅದೇ ಹೆಚ್ಚು ಬಾಗಿತು. ಸರಿ, ಮೇಲಿನದನ್ನು ಹೆರೆದೆ. ಅದು ಹೆಚ್ಚಾಯಿತು. ಮತ್ತೆ ಕೆಳಗಿನದು. ನಾಲ್ಕು ದಿನ ಈ ಘನಕಾರ್ಯ ನಡೆಯಿತು. ಮರದ ಪುಡಿ ಹಾಸಿಗೆ, ದಿಂಬು, ಒಣಗಿದ ಬಟ್ಟೆ, ಕೊನೆಗೆ ಅಡುಗೆ ಪಾತ್ರೆಯವರೆಗೂ ಪ್ರಯಾಣ ಮಾಡಿತು. ಬಾಗಿಲು ಮುಚ್ಚಲಾಗದೆ ನನ್ನಾಕೆ ಸೀರೆ ಬದಲಾಯಿಸಲು ಪಕ್ಕದ ಮನೆಗೆ ಹೋಗಿಬರುತ್ತಿದ್ದಳು.

"ರೀ, ಅವರು ಮಾಡಿಟ್ಟಿದ್ದನ್ನ ಯಾಕೆ ಕೆರೀತಾ ಇದೀರಿ?" ಎಂದು ಮೂರನೆಯ ದಿನ ಕೇಳಿದಳು.

"ಮುಗಿಸ್ತಾ ಇದೀನಿ."

"ಅದು ಕಾಣಿಸ್ತಾ ಇದೆ. ಅಕ್ಕನ್ನ ಒಂದು ಮಾತು ಕೇಳಬಾರದಾ?"

ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಇಂಥ ಸಣ್ಣ ವಿಷಯಕ್ಕೆ ತೊಂದರೆ ಕೊಡುವುದು ಸಂಸ್ಕಾರವಲ್ಲ ಎಂದು ತಿಳಿಹೇಳಿದೆ. ಐದನೆಯ ದಿನ ಎರಡು ತೋಳೂ ಕನ್ನಡಿಯಲ್ಲಿ ನೋಡಿದಂತೆ ಸಮ ಬಾಗಿದವು. ಆ ಆನಂದದಲ್ಲಿ ತಕ್ಕಡಿ ನೋಡಿದೆ. ಐದು ಕಿಲೋ. ತಕ್ಕಡಿ ಕೆಟ್ಟಿದೆ ಎಂದುಕೊಂಡೆ.

ಭಾನುವಾರ ಮೈದಾನದಲ್ಲಿ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿದ್ದರು. ಸಂಘದ ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರು ಎರಡು ಮಾತಾಡಿ ಕಣ್ಣೊರೆಸಿಕೊಂಡರು. ನಾನು ಮುಂದೆ ಬಂದು, ಮೂವತ್ತು ಹೆಜ್ಜೆ ಆಚೆಯ ಹುಲ್ಲಿನ ಗುರಿಗೆ ಬಾಣ ಹೂಡಿ, ಮೇಷ್ಟ್ರನ್ನು ನೆನೆದು ಬಿಟ್ಟೆ. ಬಾಣ ಹನ್ನೆರಡು ಹೆಜ್ಜೆ ಹೋಗಿ, ಸುಸ್ತಾದವರ ಹಾಗೆ ಹುಲ್ಲಿನ ಮೇಲೆ ಮಲಗಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಕ್ಕ ಬಂದು ಬಿಲ್ಲನ್ನು ಕೈಗೆ ತೆಗೆದುಕೊಂಡು ಎರಡೂ ತೋಳಿನ ಮೇಲೆ ಬೆರಳಾಡಿಸಿದರು. "ಎಣ್ಣೆ ಹಚ್ಚಿ ಒಣಗಿಸಿ ಅಂತ ಅಲ್ವಾ ನಾನು ಹೇಳಿದ್ದು?" ಎಂದರು.

"ಕೆಳಗಿನ ತೋಳು ಸರಿಯಾಗಿ ಬಾಗ್ತಿರಲಿಲ್ಲ, ಅಕ್ಕ."

"ಬಾಗಬಾರದು ಅಂತಲೇ ಅವರು ಎರಡು ವಾರ ಕೂತಿದ್ದು."

ಡಾಕ್ಟರು, ಹಲ್ಲು ಕೀಳುವ ಮೊದಲು ಮಾತಾಡುವ ದನಿಯಲ್ಲಿ, ನನಗೆ ವಿವರಿಸಿದರು. ಬಾಣ ಕೂರುವುದು ಬಿಲ್ಲಿನ ನಟ್ಟನಡುವೆಯಲ್ಲ, ಹಿಡಿದ ಕೈಗಿಂತ ತುಸು ಮೇಲೆ, ಎಳೆತ ಎರಡು ತೋಳಿಗೂ ಸಮನಾಗಿ ಬೀಳುವುದಿಲ್ಲ; ಅದಕ್ಕೇ ಕೆಳಗಿನ ತೋಳನ್ನು ಬೇಕೆಂದೇ ತುಸು ಗಟ್ಟಿಯಾಗಿ ಬಿಡುತ್ತಾರಂತೆ. ಹೆರೆದಷ್ಟೂ ಬಿಲ್ಲಿನ ಬಲವೂ ಹೋಗುತ್ತದಂತೆ. ಹತ್ತೊಂಬತ್ತು ವರ್ಷ ಆ ಶೆಡ್ಡಿನಲ್ಲಿ ಮಾತಾಡುವುದನ್ನು ಒಂದು ಗಳಿಗೆ ನಿಲ್ಲಿಸಿದ್ದರೆ ಮೇಷ್ಟ್ರೇ ಹೇಳಿರುತ್ತಿದ್ದರು. ಅವರು ಕೊನೆಯದಾಗಿ ಮುಗಿಸಿಟ್ಟು ಹೋಗಿದ್ದ ವಸ್ತುವನ್ನು ನಾನು ಹಾಳುಮಾಡಿದ್ದೆ. ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಅಕ್ಕ ಸುಮ್ಮನೆ ಹೆದೆಯನ್ನು ಎಳೆದು ನೋಡಿದರು. ಅದು ಕೆನ್ನೆಯವರೆಗೂ ಬಂತು. ಅವರ ಮುಖ ಬೇರೆಯಾಯಿತು. ಮೇಷ್ಟ್ರ ಬಿಲ್ಲುಗಳೆಲ್ಲ ಎಳೆಯಲು ಭಾರ; ಮೂವತ್ತು ವರ್ಷದಲ್ಲಿ ಒಂದನ್ನಾದರೂ ಅರ್ಧಕ್ಕಿಂತ ಹೆಚ್ಚು ಎಳೆಯಲು ಆಕೆಗೆ ಆಗಿರಲಿಲ್ಲ.

"ಗುರಿ ಸ್ವಲ್ಪ ಈಚೆ ತರ್ತೀರಾ?" ಎಂದು ಕೇಳಿದರು.

ಡಾಕ್ಟರು ಮತ್ತು ನಾನು ಗುರಿಯನ್ನು ಹೊತ್ತು ತಂದೆವು. ಬಾಣ ತಲುಪಲಿಲ್ಲ. ಇನ್ನೂ ಈಚೆ ತಂದೆವು. ಒಂಬತ್ತು ಹೆಜ್ಜೆಯಲ್ಲಿ ಇಟ್ಟಾಗ ಬಾಣ ಹೋಗಿ ಗುರಿಯ ಅಂಚಿಗೆ ಚುಚ್ಚಿಕೊಂಡು ನಿಂತಿತು. ಆಗ ಮೊದಲು ನಕ್ಕವರು ಅಕ್ಕ. ಆಮೇಲೆ ಮೈದಾನವೇ ನಕ್ಕಿತು. ನಾನು ನಗುವವನ ಹಾಗೆ ಮುಖ ತಿರುಗಿಸಿಕೊಂಡೆ.

ಈಗ ಅಕ್ಕ ಪ್ರತಿ ಭಾನುವಾರ ಮೈದಾನಕ್ಕೆ ಬರುತ್ತಾರೆ. ನೋಡಲು ಹೋದ ನನ್ನಾಕೆಗೂ ಆಸೆ ಹತ್ತಿತು. ಹೋದ ವಾರ ಅಕ್ಕ ಮೇಷ್ಟ್ರ ಇನ್ನೊಂದು ಬಿಲ್ಲನ್ನು ನನಗೆ ಕೊಟ್ಟು, ಇವಳ ಕೈಗೆ ಆಗುವಷ್ಟು ಹಗುರ ಮಾಡಿಕೊಡಲು ಹೇಳಿದರು. ಈ ಸಲ ಪ್ರತಿ ಮಾತನ್ನೂ ಕೇಳಿಸಿಕೊಂಡೆ.

ಆದರೆ ಪಟ್ಟಿ ಹಿಡಿದು ಕೂತರೆ ಕೈ ಏಳುವುದಿಲ್ಲ. ಆ ಬಿಲ್ಲಿನ ಮೇಲೆ ಮೇಷ್ಟ್ರ ಉಳಿಯ ಸಣ್ಣ ಸಣ್ಣ ಗುರುತುಗಳಿವೆ. ಯಾವುದನ್ನು ಅಳಿಸಲಿ? ಮೂರು ದಿನ ಹೀಗೆ ಕೂತೆ. ಒಂದು ಚಿಟಿಕೆ ಪುಡಿಯೂ ಉದುರಲಿಲ್ಲ. ಮೊನ್ನೆಯವರೆಗೆ ಕೆರೆಯಬೇಡಿ ಎಂದು ಜಗಳವಾಡಿದವಳೇ ಈಗ ಬಾಗಿಲಲ್ಲಿ ನಿಂತು, ಇನ್ನೂ ಶುರುವಾಗಲಿಲ್ಲವೇ ಎಂದು ದಿನಕ್ಕೆ ನಾಲ್ಕು ಸಲ ವಿಚಾರಿಸಿದಳು. ಕೊನೆಗೆ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡು, ಸೆರಗು ಸಿಕ್ಕಿಸಿ, ತಾನೇ ಹೆರೆಯಲು ಕೂತಳು. ನಿಧಾನವಾಗಿ, ಒಂದೇ ಸಮನೆ, ನನಗಿಂತ ಎಷ್ಟೋ ಚೆನ್ನಾಗಿ.

"ಕೆಳಗಿನ ತೋಳು ಸ್ವಲ್ಪ ಗಟ್ಟಿ ಇರಲಿ," ಎಂದೆ.

"ನಿಮ್ಮೊಬ್ಬರನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತು," ಎಂದಳು, ತಲೆ ಎತ್ತದೆ. "ಬೆಳಕಿಗೆ ಅಡ್ಡ ನಿಂತಿದೀರಿ, ಆಚೆ ಸರೀರಿ."